12345654321: ಮಹಾವೀರಾಚಾರ್ಯರ ಒಂದು ಸಂಖ್ಯೆಯ ಒಳರಚನೆ

ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು ಕ್ರಿ.ಶ. 850ರ ಹೊತ್ತಿಗೆ, ಮಹಾವೀರಾಚಾರ್ಯರು ಸಂಸ್ಕೃತದಲ್ಲಿ ರಚಿಸಿದ ‘ಗಣಿತಸಾರಸಂಗ್ರಹ’ದಲ್ಲಿ ಹಿಂದಿನಿಂದ ಓದಿದರೂ ಮುಂದಿನಿಂದ ಓದಿದರೂ ಒಂದೇ ಆಗಿರುವ ಗುಣಲಬ್ಧಗಳಿವೆ. 139ನ್ನು 109ರಿಂದ ಗುಣಿಸಿದರೆ 15151; 12345679ನ್ನು 9ರಿಂದ ಗುಣಿಸಿದರೆ ಒಂಬತ್ತು ಒಂದುಗಳು. ಒಂದರಿಂದ ಆರರವರೆಗೆ ಏರಿ ಕ್ರಮವಾಗಿ ಇಳಿಯುವ 12345654321 ಕೂಡ ಅಂಥದ್ದೇ. ಇಂಥವನ್ನು ಅಂಕಿಗಳ ಚಮತ್ಕಾರವೆಂದು ಬದಿಗಿಡುವ ವಾಡಿಕೆಯುಂಟು. ಈ ಸಂಖ್ಯೆಯ ಮಟ್ಟಿಗಾದರೂ ಆ ಉದಾಸೀನ ಸಲ್ಲದು ಎಂಬುದು ನನ್ನ ವಾದ.

ಇದು 27994681 ಮತ್ತು 441ರ ಗುಣಲಬ್ಧ. ಮೊದಲನೆಯದು 5291ರ ವರ್ಗ, ಎರಡನೆಯದು 21ರ ವರ್ಗ. ಆದ್ದರಿಂದ ಇಡೀ ಸಂಖ್ಯೆ 111111ರ ವರ್ಗ. ಏರಿಳಿತದ ಕಾರಣವೂ ಇಲ್ಲೇ ಇದೆ: ಆರು ಒಂದುಗಳನ್ನು ಅದರಿಂದಲೇ ಗುಣಿಸುವಾಗ ನಡುವಿನ ಕಂಬಸಾಲಿನಲ್ಲಿ ಹೆಚ್ಚೆಂದರೆ ಆರು ಒಂದುಗಳು ಕೂಡುತ್ತವೆ, ಎಲ್ಲಿಯೂ ದಶಕ ಮುಂದಿನ ಸ್ಥಾನಕ್ಕೆ ಹೋಗುವುದಿಲ್ಲ. ಎರಡು ದಾಳಗಳನ್ನು ಉರುಳಿಸಿದಾಗ 2ರಿಂದ 12ರವರೆಗಿನ ಮೊತ್ತಗಳು ಬರಬಲ್ಲ ಬಗೆಗಳ ಎಣಿಕೆಯೂ ಕ್ರಮವಾಗಿ ಇವೇ ಅಂಕಿಗಳು, ಕೂಡಿದರೆ 36. ದಶಕದ ತೊಡಕಿಲ್ಲದಿರುವುದರಿಂದ ಈ ರೂಪ ಹತ್ತರ ಆಧಾರಕ್ಕಷ್ಟೇ ಸೀಮಿತವಲ್ಲ. ಏಳು ಮತ್ತು ಅದಕ್ಕಿಂತ ದೊಡ್ಡದಾದ ಯಾವ ಆಧಾರದಲ್ಲಿ ಬರೆದರೂ 111111ರ ವರ್ಗ 12345654321 ಎಂದೇ ಕಾಣುತ್ತದೆ. ಬರಹದ ಅಲಂಕಾರವೆಂದು ನಾವು ತಿಳಿದದ್ದೇ ಇಲ್ಲಿ ಆಧಾರ ಬದಲಾದರೂ ಉಳಿಯುವ ಗುಣ.

ಹತ್ತಕ್ಕೆ ಅಂಟಿಕೊಂಡಿರುವುದು ಅಪವರ್ತನಗಳು. 111111 ಎಂದರೆ 3×7×11×13×37. ಏಳರ ಆಧಾರದಲ್ಲಿ ಅದೇ ಬರಹದ ಬೆಲೆ 19608, ಅಪವರ್ತನಗಳು ಬೇರೆಯೇ. ಹಾಗಾದರೆ ಹತ್ತು ಈ ಐದನ್ನೇ ಏಕೆ ಆರಿಸಿತು? 1/3ರ ದಶಮಾಂಶದಲ್ಲಿ ಒಂದೇ ಅಂಕಿ ಮರುಕಳಿಸುತ್ತದೆ, 1/11ರಲ್ಲಿ ಎರಡು, 1/37ರಲ್ಲಿ ಮೂರು (0.027027…), 1/7 ಮತ್ತು 1/13ರಲ್ಲಿ ಆರು. ಈ ಆವರ್ತಗಳ ಉದ್ದವೆಲ್ಲ ಆರನ್ನು ನಿಶ್ಶೇಷವಾಗಿ ಭಾಗಿಸುತ್ತದೆ. ಅಂಥ ಆವರ್ತವುಳ್ಳ ಅವಿಭಾಜ್ಯ ಸಂಖ್ಯೆ 999999ನ್ನು ಭಾಗಿಸಲೇಬೇಕು. ಹಾಗೆ ಭಾಗಿಸುವವು ಈ ಐದೇ, ಆರನೆಯದಿಲ್ಲ. ನಮ್ಮ ಸಂಖ್ಯೆಯಲ್ಲಿ ಅವೆಲ್ಲವೂ ತಲಾ ಎರಡು ಬಾರಿ ಸೇರಿವೆ. ಈ ಸಂಖ್ಯೆಯ ನಿಜವಾದ ಪೂರ್ಣತೆ ನನಗೆ ಕಾಣುವುದು ಇಲ್ಲಿ.

ಪ್ರತಿ ಅವಿಭಾಜ್ಯದ ಘಾತ 0, 1 ಅಥವಾ 2 ಆಗಬಹುದಾದ್ದರಿಂದ ಭಾಜಕಗಳು 243. ಅವುಗಳ ಮೊತ್ತ 13×57×133×183×1407, ಅಂದರೆ 25375524993. ಸಂಖ್ಯೆಯನ್ನೇ ಕಳೆದರೆ ಉಳಿಯುವುದು 13029870672, ಮೂಲಕ್ಕಿಂತ 684216351 ಹೆಚ್ಚು. ಬೆಸಸಂಖ್ಯೆಗಳಲ್ಲಿ ಈ ಗುಣ ಸುಲಭವಾಗಿ ಸಿಗದು. ಅತ್ಯಂತ ಚಿಕ್ಕ ನಿದರ್ಶನವೇ 945.

37ನ್ನು ಬಿಟ್ಟು ನೋಡಿದರೆ ಉಳಿಯುವುದು 3003ರ ವರ್ಗವಾದ 9018009. ಅದರ ಭಾಜಕಗಳ ಮೊತ್ತ 18035199, ಎರಡರಷ್ಟಕ್ಕೆ ಕೇವಲ 819 ಕಡಿಮೆ. ತೊಂಬತ್ತು ಲಕ್ಷ ಮೀರಿದ ಸಂಖ್ಯೆಯಲ್ಲಿ ಇಷ್ಟೇ ಕೊರತೆ! 37ರ ವರ್ಗದಿಂದ ಗುಣಿಸಿದ ಕೂಡಲೇ ಅದು ನೀಗುತ್ತದೆ. ಕೊರತೆ ಎಷ್ಟು ಕಿರಿದೆಂದರೆ, 3, 7, 11, 13 ಅಲ್ಲದ, ಇಪ್ಪತ್ತು ಸಾವಿರದೊಳಗಿನ ಯಾವ ಅವಿಭಾಜ್ಯ ಸಂಖ್ಯೆಯ ವರ್ಗ 37ರದರ ಜಾಗದಲ್ಲಿದ್ದರೂ ಅದನ್ನು ತುಂಬಿಕೊಡುತ್ತಿತ್ತು.