ಹಾದುಹೋಗುವ ಹಕ್ಕಿಗೆ ಒಡೆಯರಾರು? ವಲಸೆ ಹಕ್ಕಿ ಕಾನೂನಿನ ಚರಿತ್ರೆಯಲ್ಲಿ ಒಂದು ಪ್ರಶ್ನೆ

ವಲಸೆ ಹಕ್ಕಿಗಳನ್ನು ಕಾಪಾಡುವ ಕಾನೂನಿನ ಚರಿತ್ರೆಯನ್ನು ಕರುಣೆಯ ಚರಿತ್ರೆಯಾಗಿ ಹೇಳುವುದು ರೂಢಿ. ಮೊದಲು ಬೇಟೆಗಾರನ ಕ್ರೌರ್ಯ, ಆಮೇಲೆ ಅದನ್ನು ಕಂಡು ಮರುಗಿದವರ ಚಳವಳಿ, ಕೊನೆಗೆ ಶಾಸನ. ಆದರೆ ಶಾಸನಗಳನ್ನೂ ತೀರ್ಪುಗಳನ್ನೂ ಒಟ್ಟಿಗಿಟ್ಟು ಓದಿದರೆ ಈ ಕಥೆ ಪೂರ್ತಿ ನಿಲ್ಲುವುದಿಲ್ಲ. ಹಕ್ಕಿಯನ್ನು ಮನಬಂದಂತೆ ಕೊಲ್ಲಬಾರದೆಂಬ ಮಾತನ್ನು ಬಹಳ ಮಂದಿ ಬೇಗನೆ ಒಪ್ಪಿದರು. ಹಾಗೆ ಹೇಳುವ ಅಧಿಕಾರ ಯಾರದು ಎಂಬ ತಕರಾರು ಮಾತ್ರ ದಶಕಗಟ್ಟಲೆ ಎಳೆಯಿತು. ಹಕ್ಕಿ ಉಳಿಯಿತೋ ಅಳಿಯಿತೋ ಎಂಬುದನ್ನು ಬಹಳ ಕಡೆ ನಿರ್ಧರಿಸಿದ್ದು ಈ ತಕರಾರೇ ಎಂಬುದು ಈ ಲೇಖನದ ವಾದ.

ಈ ತಕರಾರು ಎಲ್ಲಕ್ಕಿಂತ ನಿಚ್ಚಳವಾಗಿ ಕಾಣುವುದು ಅಮೆರಿಕದಲ್ಲಿ. 1857ರಲ್ಲಿ ಒಹಾಯೊ ರಾಜ್ಯದ ಸೆನೆಟ್ ಸಮಿತಿಯೊಂದು ಪ್ಯಾಸೆಂಜರ್ ಪಾರಿವಾಳಕ್ಕೆ ರಕ್ಷಣೆ ಬೇಕಿಲ್ಲವೆಂದು ವರದಿ ಕೊಟ್ಟಿತು. ಅಷ್ಟೊಂದು ಸಂತಾನವುಳ್ಳ, ಇವತ್ತು ಇಲ್ಲಿ ನಾಳೆ ಇನ್ನೆಲ್ಲೋ ಇರುವ ಹಕ್ಕಿ ಮುಗಿದುಹೋಗುವುದುಂಟೇ ಎಂಬುದು ಅದರ ತರ್ಕ. ಆ ಜಾತಿಯ ಕೊನೆಯ ಹಕ್ಕಿ ಮಾರ್ಥಾ ಅದೇ ಒಹಾಯೊದ ಸಿನ್ಸಿನಾಟಿ ಮೃಗಾಲಯದಲ್ಲಿ 1914ರ ಸೆಪ್ಟೆಂಬರ್ 1ರಂದು ಸತ್ತಿತು. ಈ ನಡುವೆ ಟೊಪ್ಪಿಗೆಯ ವ್ಯಾಪಾರ ಬೇರೆ. 1886ರಲ್ಲಿ ಪಕ್ಷಿತಜ್ಞ ಫ್ರಾಂಕ್ ಚಾಪ್ಮನ್ ನ್ಯೂಯಾರ್ಕಿನ ಬೀದಿಗಳಲ್ಲಿ ನಡೆದಾಡುತ್ತ ಹೆಂಗಸರ 700 ಟೊಪ್ಪಿಗೆಗಳನ್ನು ಎಣಿಸಿದರು. 542ರಲ್ಲಿ ಹಕ್ಕಿಯ ಗರಿಯಿತ್ತು. ಬೆಳ್ಳಕ್ಕಿಯ ಬೆನ್ನ ಮೇಲೆ ಎಳೆಎಳೆಯಾಗಿ ಇಳಿಬೀಳುವ ಗರಿಗೆ ಎಲ್ಲಿಲ್ಲದ ಬೆಲೆ. ಅದು ಮೂಡುವುದು ಮರಿ ಮಾಡುವ ಕಾಲದಲ್ಲಿ ಮಾತ್ರ. ಹಾಗಾಗಿ ಗೂಡಿನ ಬಳಿಯೇ ತಾಯಿಹಕ್ಕಿಗೆ ಗುಂಡು ಬೀಳುತ್ತಿತ್ತು, ಮರಿಗಳು ಗೂಡಿನಲ್ಲೇ ಹಸಿದು ಸಾಯುತ್ತಿದ್ದವು. ಇದನ್ನು ತಡೆಯಲು ರಾಜ್ಯಗಳಲ್ಲಿ ಕಾನೂನುಗಳಿರಲಿಲ್ಲವೆಂದಲ್ಲ. ಒಂದೊಂದು ರಾಜ್ಯಕ್ಕೆ ಒಂದೊಂದು ಕಾನೂನು. ಒಂದು ರಾಜ್ಯ ಬಿಟ್ಟುಕೊಟ್ಟ ಬಾತನ್ನು ಪಕ್ಕದ ರಾಜ್ಯ ಹೊಡೆಯುವುದಾದರೆ ಯಾವ ಶಾಸನಸಭೆ ತನ್ನ ಮತದಾರರ ಬಂದೂಕನ್ನು ಕಟ್ಟಿಹಾಕೀತು? 1896ರಲ್ಲಿ ಸುಪ್ರೀಂ ಕೋರ್ಟು ಗೀರ್ ಪ್ರಕರಣದಲ್ಲಿ, ಕಾಡುಪ್ರಾಣಿಗಳು ಆಯಾ ರಾಜ್ಯದ ಜನರ ಸೊತ್ತು ಎಂದು ಹೇಳಿ ಈ ಗಂಟನ್ನು ಇನ್ನಷ್ಟು ಬಿಗಿ ಮಾಡಿತು.

1913ರ ಮಾರ್ಚಿನಲ್ಲಿ ಕೃಷಿ ಇಲಾಖೆಯ ಧನವಿನಿಯೋಗ ಮಸೂದೆಯ ಬಾಲಕ್ಕೆ ಅಂಟಿಕೊಂಡು ವೀಕ್ಸ್–ಮೆಕ್ಲೀನ್ ಕಾನೂನು ಬಂತು. ವಲಸೆ ಹಕ್ಕಿಗಳು ಕೇಂದ್ರ ಸರ್ಕಾರದ ಪಾಲನೆಯಲ್ಲಿವೆ ಎಂದು ಸಾರಿತು. ಅರ್ಕಾನ್ಸಾ ಮತ್ತು ಕಾನ್ಸಸ್‌ನ ಕೇಂದ್ರ ಜಿಲ್ಲಾ ನ್ಯಾಯಾಲಯಗಳು ಅದನ್ನು ಒಪ್ಪಲಿಲ್ಲ. ಸಂವಿಧಾನ ಅಂಥ ಅಧಿಕಾರ ಕೊಟ್ಟಿಲ್ಲವೆಂದವು. ಆಗ ಹುಡುಕಿದ ದಾರಿ ಜಾಣತನದ್ದು. 1916ರ ಆಗಸ್ಟ್ 16ರಂದು ಅಮೆರಿಕ, ಕೆನಡಾದ ಪರವಾಗಿ ಸಹಿ ಹಾಕಿದ ಬ್ರಿಟನ್ನಿನೊಡನೆ ಒಪ್ಪಂದ ಮಾಡಿಕೊಂಡಿತು. ಅದನ್ನು ಜಾರಿಗೊಳಿಸುವ ಹೆಸರಿನಲ್ಲಿ 1918ರ ಜುಲೈ 3ರಂದು ವಲಸೆ ಹಕ್ಕಿ ಒಪ್ಪಂದ ಕಾಯ್ದೆ ಹುಟ್ಟಿತು. ನೇರವಾಗಿ ಸಿಗದ ಅಧಿಕಾರ ಪರದೇಶದ ಬಾಗಿಲಿನಿಂದ ಒಳಗೆ ಬಂತು. ಮಿಸೌರಿ ರಾಜ್ಯ ಕೋರ್ಟಿಗೆ ಹೋಯಿತು. 1920ರಲ್ಲಿ ನ್ಯಾಯಮೂರ್ತಿ ಹೋಮ್ಸ್ ಬರೆದ ಬಹುಮತದ ತೀರ್ಪು, ನಿನ್ನೆ ಬಂದಿರದ, ನಾಳೆ ಗಡಿ ದಾಟುವ ಹಕ್ಕಿಯ ಮೇಲೆ ರಾಜ್ಯ ಹೂಡುವ ಒಡೆತನ ತೀರ ಸಡಿಲವಾದ ಬುನಾದಿ ಎಂದಿತು. ಒಹಾಯೊ ಸಮಿತಿ ಹಕ್ಕಿಯ ಅಲೆದಾಟವನ್ನೇ ನೆಪ ಮಾಡಿಕೊಂಡು ಕೈತೊಳೆದುಕೊಂಡಿತ್ತು. ಹೋಮ್ಸ್ ಅದೇ ಅಲೆದಾಟವನ್ನು ರಕ್ಷಣೆಯ ಆಧಾರವಾಗಿಸಿದರು.

ಫ್ಯಾಷನ್ ಬದಲಾದದ್ದರಿಂದ ಹಕ್ಕಿಗಳು ಉಳಿದವು, ಕಾನೂನಿನಿಂದಲ್ಲ ಎನ್ನುವವರಿದ್ದಾರೆ. ಟೊಪ್ಪಿಗೆಯ ಮಟ್ಟಿಗೆ ಇದರಲ್ಲಿ ಸತ್ಯವಿದೆ. ಆದರೆ ಬಾತು, ಹೆಬ್ಬಾತುಗಳು ಸತ್ತದ್ದು ಮಾಂಸದ ಮಾರುಕಟ್ಟೆಗಾಗಿ. ನಾಲಿಗೆಯ ರುಚಿ ಟೊಪ್ಪಿಗೆಯಂತೆ ಬದಲಾಗುವುದಿಲ್ಲ. ಇದಕ್ಕಿಂತ ತೂಕದ ಆಕ್ಷೇಪ ಉತ್ತರದ ಮೂಲನಿವಾಸಿಗಳದ್ದು. ಒಪ್ಪಂದ ಮಾರ್ಚ್ 10ರಿಂದ ಸೆಪ್ಟೆಂಬರ್ 1ರವರೆಗೆ ಬೇಟೆಯನ್ನು ಮುಚ್ಚಿತು. ಅಲಾಸ್ಕಾದಲ್ಲೂ ಕೆನಡಾದ ಉತ್ತರದಲ್ಲೂ ಹಕ್ಕಿಗಳು ಇರುವುದೇ ಆ ತಿಂಗಳುಗಳಲ್ಲಿ. ಅವರಿಗೆ ಬಿಟ್ಟದ್ದು ಕೆಲವು ಕಡಲಹಕ್ಕಿಗಳನ್ನಷ್ಟೆ. ದಕ್ಷಿಣದ ಹವ್ಯಾಸಿ ಬೇಟೆಗಾರನ ಪಂಚಾಂಗವನ್ನು ಹಸಿದವನ ಮೇಲೆ ಹೇರಿದಂತಾಯಿತು. ಇದನ್ನು ಸರಿಪಡಿಸುವ ಪ್ರೋಟೊಕಾಲ್‌ಗೆ ಸಹಿ ಬಿದ್ದದ್ದು 1995ರಲ್ಲಿ. ಈ ಅನ್ಯಾಯ ನನ್ನ ವಾದವನ್ನು ಕೆಡವುವುದಿಲ್ಲ; ಹಕ್ಕಿಯ ಪರವಾಗಿ ಮಾತಾಡುವವರನ್ನು ಆರಿಸಿದಾಗ ಯಾರನ್ನು ಹೊರಗೆ ನಿಲ್ಲಿಸಲಾಯಿತು ಎಂಬುದನ್ನೇ ಅದು ತೋರಿಸುತ್ತದೆ.

ಭಾರತ ಇದೇ ಗಂಟನ್ನು ಬೇರೆ ರೀತಿಯಲ್ಲಿ ಬಿಚ್ಚಿತು. 1887ರ ಕಾಡುಹಕ್ಕಿ ರಕ್ಷಣಾ ಕಾಯ್ದೆ ಮರಿ ಮಾಡುವ ಕಾಲದಲ್ಲಿ ಹಕ್ಕಿಗಳ ಮಾರಾಟವನ್ನು ತಡೆಯಲು ಬಂದದ್ದು. ಮಂಗೋಲಿಯಾ, ಟಿಬೆಟ್‌ಗಳಲ್ಲಿ ಮರಿ ಮಾಡಿ ಚಳಿಗಾಲಕ್ಕೆ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಇಳಿಯುವ ಪಟ್ಟೆತಲೆ ಹೆಬ್ಬಾತಿನಂಥ ಅತಿಥಿಗೆ ಅದರಿಂದ ಏನೂ ದಕ್ಕುವಂತಿರಲಿಲ್ಲ. ಸ್ವಾತಂತ್ರ್ಯದ ನಂತರ ಕಾಡುಪ್ರಾಣಿ, ಹಕ್ಕಿಗಳ ರಕ್ಷಣೆ ರಾಜ್ಯಪಟ್ಟಿಯಲ್ಲಿತ್ತು. ಸಂಸತ್ತು ತಾನಾಗಿ ಕೈಹಾಕುವಂತಿರಲಿಲ್ಲ. ಹನ್ನೊಂದು ರಾಜ್ಯಗಳ ಶಾಸನಸಭೆಗಳು 252ನೇ ವಿಧಿಯಂತೆ ನಿರ್ಣಯ ಮಾಡಿ ಕೇಳಿಕೊಂಡ ಮೇಲೆಯೇ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. 1976ರ 42ನೇ ತಿದ್ದುಪಡಿ ವಿಷಯವನ್ನು ಸಮವರ್ತಿ ಪಟ್ಟಿಗೆ ಸೇರಿಸಿತು. ಅಮೆರಿಕ ಒಪ್ಪಂದದ ಮರೆಯಲ್ಲಿ ಪಡೆದ ಅಧಿಕಾರವನ್ನು ಭಾರತ ರಾಜ್ಯಗಳ ಒಪ್ಪಿಗೆಯಿಂದ ಪಡೆಯಿತು. ಈ ದಾರಿಯೇ ಹೆಚ್ಚು ಮರ್ಯಾದೆಯದು ಎಂದು ನನ್ನ ಅನಿಸಿಕೆ. ಆದರೂ ಪರವಾನಗಿ ಬೇಟೆ 1991ರ ತಿದ್ದುಪಡಿಯವರೆಗೆ ಉಳಿದೇ ಇತ್ತು.

ಕಾನೂನು ಪುಸ್ತಕದಲ್ಲಿದ್ದರೆ ಸಾಕೇ ಎಂಬ ಪ್ರಶ್ನೆಗೆ ನಾಗಾಲ್ಯಾಂಡಿನ ದೊಯಾಂಗ್ ಜಲಾಶಯ ಉತ್ತರ ಕೊಟ್ಟಿದೆ. 2012ರಲ್ಲಿ ಅಲ್ಲಿ ಮೀನಿನ ಬಲೆಗಳನ್ನು ಮರಗಳ ನಡುವೆ ಎತ್ತರಕ್ಕೆ ಕಟ್ಟಿ, ಆಫ್ರಿಕಾಕ್ಕೆ ಹೊರಟ ಅಮುರ್ ಫಾಲ್ಕನ್‌ಗಳನ್ನು ಹತ್ತಾರು ಸಾವಿರ ಸಂಖ್ಯೆಯಲ್ಲಿ ಹಿಡಿದು ಕೊಂದರು. ನಲವತ್ತು ವರ್ಷದ ಹಳೆಯ ಕಾಯ್ದೆ ಅದನ್ನು ತಡೆಯಲಿಲ್ಲ. ಮರುವರ್ಷ ಪಾಂಗ್ತಿ ಮೊದಲಾದ ಹಳ್ಳಿಗಳ ಮಂಡಳಿಗಳು ತಾವೇ ನಿಷೇಧ ಹಾಕಿದವು, ಬಲೆಗಳು ಕೆಳಗಿಳಿದವು. ಆ ನೆಲದಲ್ಲಿ ನಿಜವಾದ ಅಧಿಕಾರ ಯಾರ ಕೈಯಲ್ಲಿತ್ತೋ ಅವರು ಮಾತಾಡಿದಾಗ ಹಕ್ಕಿ ಉಳಿಯಿತು. ಆದರೆ ಹಳ್ಳಿಯ ಮಾತು ಹಳ್ಳಿಯ ಗಡಿಯವರೆಗೆ, ದೇಶದ ಮಾತು ದೇಶದ ಗಡಿಯವರೆಗೆ. ಸೈಬೀರಿಯದ ಬಿಳಿ ಕ್ರೌಂಚಕ್ಕೆ ಭರತಪುರದಲ್ಲಿ ಯಾವ ರಕ್ಷಣೆಯ ಕೊರತೆಯೂ ಇರಲಿಲ್ಲ. ಅಲ್ಲಿ ರಾಷ್ಟ್ರೀಯ ಉದ್ಯಾನವಿತ್ತು. ವಲಸೆ ಪ್ರಾಣಿಗಳ ರಕ್ಷಣೆಗಾಗಿ ದೇಶಗಳು ಮಾಡಿಕೊಂಡ 1979ರ ಬಾನ್ ಒಪ್ಪಂದಕ್ಕೆ ಭಾರತ 1983ರಲ್ಲೇ ಸೇರಿತ್ತು, 1984ರಲ್ಲಿ ಸೋವಿಯತ್ ಒಕ್ಕೂಟದೊಡನೆ ವಲಸೆ ಹಕ್ಕಿಗಳ ಕುರಿತು ಪ್ರತ್ಯೇಕ ಒಪ್ಪಂದವನ್ನೂ ಮಾಡಿಕೊಂಡಿತ್ತು. ಹಕ್ಕಿಯ ದಾರಿ ಮಾತ್ರ ಯುದ್ಧದಲ್ಲಿ ಬೇಯುತ್ತಿದ್ದ ಅಫ್ಘಾನಿಸ್ತಾನದ ಮೇಲಿಂದ ಹಾಯುತ್ತಿತ್ತು. ಅಫ್ಘಾನಿಸ್ತಾನ ಬಾನ್ ಒಪ್ಪಂದಕ್ಕೆ ಸೇರಿದ್ದು 2015ರಲ್ಲಿ. ಭರತಪುರದಲ್ಲಿ ಬಿಳಿ ಕ್ರೌಂಚ ಕೊನೆಯ ಬಾರಿ ಕಂಡದ್ದು 2002ರಲ್ಲಿ.