ಕ್ಷೌರದ ಕತ್ತಿ

ಕ್ಷೌರದ ಕತ್ತಿಯು ಗಡ್ಡ, ಮೀಸೆ ಮತ್ತು ತಲೆಗೂದಲನ್ನು ಬುಡಕ್ಕೆ ತೆಗೆಯಲು ಬಳಸುವ, ಒಂದೇ ಉದ್ದನೆಯ ಅಲಗುಳ್ಳ ಮಡಚುವ ಉಪಕರಣ. ಹಿಂದೆ ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದ ಕೊಪ್ಪಳ, ಕುಷ್ಟಗಿ, ಯಲಬುರ್ಗಾ ಮತ್ತು ಗಂಗಾವತಿ ಭಾಗದಲ್ಲಿ ಇದಕ್ಕೆ ಉರ್ದುವಿನಿಂದ ಬಂದ 'ಉಸ್ತರಾ' ಎಂಬ ಹೆಸರೂ ಇದೆ. ಬ್ಲೇಡು ಬದಲಾಯಿಸುವ ಸಾಧನಗಳು ಬರುವ ಮೊದಲು ಕ್ಷೌರಿಕರ ಮುಖ್ಯ ಉಪಕರಣ ಇದೇ ಆಗಿತ್ತು. ಈ ಕತ್ತಿಯ ಅಲಗನ್ನು ಎಸೆಯುವ ರೂಢಿಯಿಲ್ಲ. ಅದನ್ನು ಮತ್ತೆ ಮತ್ತೆ ಸಾಣೆ ಹಿಡಿದು ದಶಕಗಳ ಕಾಲ ಬಳಸಬಹುದು. ಆದ್ದರಿಂದ ಕತ್ತಿಯ ಗುಣ ಉಕ್ಕಿನಲ್ಲಿ ಎಷ್ಟು ಇದೆಯೋ, ಅದನ್ನು ಮಸೆಯುವ ಕೈಯಲ್ಲಿಯೂ ಅಷ್ಟೇ ಇದೆ.

ರಚನೆ

ಕತ್ತಿಯಲ್ಲಿ ಅಲಗು ಮತ್ತು ಹಿಡಿಕೆ ಎಂಬ ಎರಡು ಭಾಗಗಳಿದ್ದು, ಒಂದು ಸಣ್ಣ ಮೊಳೆ ಅವನ್ನು ಜೋಡಿಸುತ್ತದೆ. ಬಳಸದಿರುವಾಗ ಅಲಗು ಹಿಡಿಕೆಯ ಎರಡು ಪಟ್ಟಿಗಳ ನಡುವೆ ಮಡಚಿಕೊಳ್ಳುತ್ತದೆ. ಅಲಗಿನ ಒಂದು ಬದಿ ದಪ್ಪನಾದ ಬೆನ್ನು, ಇನ್ನೊಂದು ಬದಿ ಹರಿತವಾದ ಅಂಚು. ಅಲಗಿನ ಅಗಲವನ್ನು ಇಂಚಿನ ಎಂಟನೆಯ ಭಾಗಗಳಲ್ಲಿ ಹೇಳುವುದು ವಾಡಿಕೆ. 5/8 ಮತ್ತು 6/8 ಇಂಚಿನ ಕತ್ತಿಗಳು ಹೆಚ್ಚು ಪ್ರಚಲಿತ.

ಬೆನ್ನಿನ ದಪ್ಪ ಕೇವಲ ಬಲಕ್ಕಾಗಿ ಇರುವುದಲ್ಲ. ಸಾಣೆಕಲ್ಲಿನ ಮೇಲೆ ಕತ್ತಿಯನ್ನು ಮಲಗಿಸಿದಾಗ ಬೆನ್ನು ಮತ್ತು ಅಂಚು ಎರಡೂ ಕಲ್ಲಿಗೆ ತಾಗುತ್ತವೆ. ಹೀಗಾಗಿ ಮಸೆಯುವ ಕೋನ ತಾನಾಗಿಯೇ ನಿರ್ಧಾರವಾಗುತ್ತದೆ. ಅಂಚಿನ ಒಟ್ಟು ಕೋನ ಸಾಮಾನ್ಯವಾಗಿ 16 ರಿಂದ 18 ಡಿಗ್ರಿಗಳ ಆಸುಪಾಸಿನಲ್ಲಿರುತ್ತದೆ. ಅಡುಗೆಮನೆಯ ಚಾಕುವಿಗೆ ಇಂತಹ ಅನುಕೂಲವಿಲ್ಲ. ಅಲ್ಲಿ ಕೋನವನ್ನು ಕೈಯೇ ಕಾಯಬೇಕು.

ಹಳೆಯ ಕತ್ತಿಗಳ ಅಡ್ಡಕೊಯ್ತ ಬೆಣೆಯಾಕಾರವಾಗಿದ್ದು, ಅವು ಭಾರವಾಗಿರುತ್ತವೆ. ಹತ್ತೊಂಬತ್ತನೆಯ ಶತಮಾನದಲ್ಲಿ ಅಲಗಿನ ಎರಡೂ ಮಗ್ಗುಲನ್ನು ತಿರುಗುವ ಕಲ್ಲಿನಿಂದ ಒಳಬಾಗಿಸಿ ತೆಳುಗೊಳಿಸುವ ಪದ್ಧತಿ ಹರಡಿತು. ಇಂತಹ ಕತ್ತಿಯ ಅಂಚು ಉಗುರಿನ ಒತ್ತಡಕ್ಕೂ ತುಸು ಬಾಗುವಷ್ಟು ತೆಳುವಾಗಿರಬಲ್ಲದು.

ಉಕ್ಕು ಮತ್ತು ತಯಾರಿಕೆ

ಯುರೋಪಿನಲ್ಲಿ ಇಂಗ್ಲೆಂಡಿನ ಶೆಫೀಲ್ಡ್, ಜರ್ಮನಿಯ ಜೋಲಿಂಗೆನ್, ಫ್ರಾನ್ಸಿನ ತಿಯೆರ್ ಮತ್ತು ಸ್ವೀಡನ್ನಿನ ಎಸ್ಕಿಲ್‌ಸ್ಟೂನಾ ಪಟ್ಟಣಗಳು ಕ್ಷೌರದ ಕತ್ತಿಗಳಿಗೆ ಹೆಸರಾದವು. 1740ರ ದಶಕದಲ್ಲಿ ಬೆಂಜಮಿನ್ ಹಂಟ್ಸ್‌ಮನ್ ಮೂಸೆಯಲ್ಲಿ ಉಕ್ಕನ್ನು ಕರಗಿಸುವ ವಿಧಾನವನ್ನು ರೂಪಿಸಿದ ನಂತರ ಶೆಫೀಲ್ಡಿನ ಕತ್ತಿಗಳ ಗುಣಮಟ್ಟ ಏರಿತು. ದಕ್ಷಿಣ ಭಾರತದಲ್ಲಿ ಮೂಸೆಯುಕ್ಕನ್ನು ಇದಕ್ಕಿಂತ ಬಹಳ ಹಿಂದಿನಿಂದಲೇ ತಯಾರಿಸಲಾಗುತ್ತಿತ್ತು. ಮೈಸೂರು ಸೀಮೆಯೂ ಅದರ ಒಂದು ನೆಲೆ. ಆ ಉಕ್ಕಿಗೆ ಯುರೋಪಿನಲ್ಲಿ ಬಂದ 'ವೂಟ್ಜ್' ಎಂಬ ಹೆಸರು ಕನ್ನಡದ 'ಉಕ್ಕು' ಪದದ ರೂಪಾಂತರವೆಂಬ ವಿವರಣೆ ವ್ಯಾಪಕವಾಗಿ ಅಂಗೀಕೃತವಾಗಿದೆ.

ಕ್ಷೌರದ ಕತ್ತಿಯ ಇತಿಹಾಸದಲ್ಲಿ ಈ ಉಕ್ಕಿಗೆ ನೇರವಾದ ಪಾತ್ರವಿದೆ. 1790ರ ದಶಕದಲ್ಲಿ ಅದರ ಗಟ್ಟಿಗಳು ಲಂಡನ್ನಿನ ರಾಯಲ್ ಸೊಸೈಟಿಗೆ ತಲುಪಿದವು. 1795ರಲ್ಲಿ ಜಾರ್ಜ್ ಪಿಯರ್ಸನ್ ಅವುಗಳ ಪರೀಕ್ಷೆಯ ವಿವರ ಪ್ರಕಟಿಸಿದನು. ಲಂಡನ್ನಿನ ಕತ್ತಿ ತಯಾರಕ ಜೇಮ್ಸ್ ಸ್ಟೊಡಾರ್ಟ್ ಈ ಉಕ್ಕನ್ನು ಸೂಕ್ಷ್ಮ ಅಲಗುಗಳಿಗೆ ಯುರೋಪಿನ ಉಕ್ಕಿಗಿಂತ ಮೇಲೆಂದು ಪರಿಗಣಿಸಿದ್ದನು. ಅವನು ಮೈಕೆಲ್ ಫ್ಯಾರಡೆಯೊಡನೆ ಸೇರಿ ಉಕ್ಕಿನ ಮಿಶ್ರಲೋಹಗಳ ಬಗ್ಗೆ ಪ್ರಯೋಗಗಳನ್ನು ನಡೆಸಿದನು. 1820 ಮತ್ತು 1822ರಲ್ಲಿ ಅವುಗಳ ಫಲಿತಾಂಶ ಪ್ರಕಟವಾಯಿತು. ಹೀಗೆ ತಯಾರಾದ ಉಕ್ಕಿನ ಕ್ಷೌರದ ಕತ್ತಿಗಳನ್ನು ಫ್ಯಾರಡೆ ಸ್ನೇಹಿತರಿಗೆ ಉಡುಗೊರೆಯಾಗಿ ಕೊಟ್ಟದ್ದುಂಟು. ವಿದ್ಯುತ್ತಿನ ಸಂಶೋಧನೆಗೆ ಪ್ರಖ್ಯಾತನಾದ ವಿಜ್ಞಾನಿಯ ಜೀವನದಲ್ಲಿ ಇದು ಅಷ್ಟಾಗಿ ನೆನಪಿಗೆ ಬಾರದ ಅಧ್ಯಾಯ.

ಸಾಣೆ ಹಿಡಿಯುವುದು

ಕತ್ತಿಯನ್ನು ಹರಿತಗೊಳಿಸುವುದರಲ್ಲಿ ಎರಡು ಬೇರೆ ಬೇರೆ ಕೆಲಸಗಳಿವೆ. ಕಲ್ಲಿನ ಮೇಲೆ ಮಸೆಯುವುದು ಲೋಹವನ್ನು ಸವೆಸಿ ಹೊಸ ಅಂಚನ್ನು ರೂಪಿಸುತ್ತದೆ. ಚರ್ಮದ ಪಟ್ಟಿಯ ಮೇಲೆ ಎಳೆಯುವುದು ಇರುವ ಅಂಚನ್ನು ನೇರಗೊಳಿಸಿ ನುಣುಪಾಗಿಸುತ್ತದೆ. ಮೊದಲನೆಯದು ಕೆಲವು ವಾರ ಅಥವಾ ತಿಂಗಳುಗಳಿಗೊಮ್ಮೆ ಸಾಕು. ಎರಡನೆಯದು ಪ್ರತಿ ಕ್ಷೌರಕ್ಕೂ ಮೊದಲು ನಡೆಯಬೇಕು.

ಕಲ್ಲು ಸಪಾಟಾಗಿರಬೇಕು. ನಡುವೆ ತಗ್ಗಾದ ಕಲ್ಲಿನಲ್ಲಿ ಅಲಗಿನ ಉದ್ದಕ್ಕೂ ಒಂದೇ ಬಗೆಯ ಅಂಚು ಮೂಡುವುದಿಲ್ಲ. ಕಲ್ಲನ್ನು ನೀರಿನಿಂದ ನೆನೆಸಿ, ಕತ್ತಿಯನ್ನು ಪೂರ್ತಿ ಮಲಗಿಸಿ, ಅಂಚು ಮುಂದಾಗಿರುವಂತೆ ತಳ್ಳಲಾಗುತ್ತದೆ. ಕಲ್ಲು ಅಲಗಿಗಿಂತ ಕಿರಿದಾಗಿದ್ದರೆ ಬುಡದಿಂದ ಆರಂಭಿಸಿ ತುದಿಯಲ್ಲಿ ಮುಗಿಯುವಂತೆ ಓರೆಯಾಗಿ ಸಾಗಿಸಬೇಕು. ತಿರುವುವಾಗ ಕತ್ತಿಯು ಬೆನ್ನಿನ ಮೇಲೆಯೇ ಹೊರಳಬೇಕು. ಅಂಚಿನ ಮೇಲೆ ಹೊರಳಿದರೆ ಅದುವರೆಗಿನ ಶ್ರಮ ವ್ಯರ್ಥ.

ಕೃತಕ ಕಲ್ಲುಗಳನ್ನು ಬಳಸುವವರು ಸಾಮಾನ್ಯವಾಗಿ 1000 ಸಂಖ್ಯೆಯ ಒರಟು ಕಲ್ಲಿನಲ್ಲಿ ಆರಂಭಿಸಿ, 4000 ಅಥವಾ 5000ದ ಮೂಲಕ 8000ಕ್ಕೆ, ಕೆಲವೊಮ್ಮೆ 12000ಕ್ಕೆ ಸಾಗುತ್ತಾರೆ. ನೈಸರ್ಗಿಕ ಕಲ್ಲುಗಳಲ್ಲಿ ಬೆಲ್ಜಿಯಂನ ಆರ್ಡೆನ್ ಪ್ರದೇಶದ ಹಳದಿ ಕಲ್ಲು ಮತ್ತು ಜರ್ಮನಿಯ ತುರಿಂಗಿಯಾದ ಕಲ್ಲುಗಳು ಪ್ರಸಿದ್ಧ. ಕಲಿಯುವವರ ಸಾಮಾನ್ಯ ತಪ್ಪೆಂದರೆ ಮೊದಲ ಹಂತವನ್ನು ಅವಸರದಲ್ಲಿ ಮುಗಿಸುವುದು. ಒರಟು ಕಲ್ಲಿನಲ್ಲಿ ಎರಡೂ ಮಗ್ಗುಲು ಅಂಚಿನಲ್ಲಿ ಸರಿಯಾಗಿ ಕೂಡದಿದ್ದರೆ, ನಯವಾದ ಕಲ್ಲಿನಲ್ಲಿ ಎಷ್ಟು ಹೊತ್ತು ಉಜ್ಜಿದರೂ ಕತ್ತಿ ಹೊಳೆಯುತ್ತದೆಯೇ ಹೊರತು ಕೂದಲು ಕತ್ತರಿಸುವುದಿಲ್ಲ. ಒತ್ತಡವೂ ಹಂತಹಂತವಾಗಿ ಕಡಿಮೆಯಾಗಬೇಕು. ಕೊನೆಯಲ್ಲಿ ಕತ್ತಿಯ ತೂಕವೊಂದೇ ಸಾಕು.

ಚರ್ಮದ ಪಟ್ಟಿಯ ಮೇಲೆ ದಿಕ್ಕು ಬದಲಾಗುತ್ತದೆ. ಇಲ್ಲಿ ಬೆನ್ನು ಮುಂದೆ, ಅಂಚು ಹಿಂದೆ. ಪಟ್ಟಿಯನ್ನು ಬಿಗಿಯಾಗಿ ಎಳೆದು ಹಿಡಿದು 30 ರಿಂದ 60 ಬಾರಿ ಎಳೆಯುವುದು ರೂಢಿ. ಪಟ್ಟಿ ಜೋತುಬಿದ್ದರೆ ಅಂಚು ದುಂಡಗಾಗುತ್ತದೆ. ಭಾರತದ ಕ್ಷೌರಿಕರು ಪಟ್ಟಿಯ ಜೊತೆಗೆ ಅಂಗೈಯನ್ನೂ ಇದೇ ಕೆಲಸಕ್ಕೆ ಬಳಸುತ್ತಿದ್ದರು. ಅಂಚು ಸಿದ್ಧವಾಯಿತೇ ಎಂದು ತಿಳಿಯಲು ಬೆರಳುಗಳ ನಡುವೆ ಹಿಡಿದ ಒಂದು ಕೂದಲನ್ನು ಅದಕ್ಕೆ ತಾಗಿಸಿ ನೋಡುವುದುಂಟು. ಆದರೆ ಕೂದಲಿನ ದಪ್ಪಕ್ಕೆ ತಕ್ಕಂತೆ ಈ ಪರೀಕ್ಷೆಯ ಫಲ ಬದಲಾಗುತ್ತದೆ.

ಹಳೆಯ ಕತ್ತಿಗಳ ದುರಸ್ತಿ

ಮನೆಯ ಪೆಟ್ಟಿಗೆಯಲ್ಲಿ ಸಿಕ್ಕ ಹಳೆಯ ಕತ್ತಿಯನ್ನು ದುರಸ್ತಿಗೆ ತೆಗೆದುಕೊಳ್ಳುವ ಮುನ್ನ ಅಂಚಿನಲ್ಲಿ ಬಿರುಕಿದೆಯೇ ಎಂದು ನೋಡುವುದು ಮುಖ್ಯ. ಬಿರುಕು ಬಿಟ್ಟ ಕತ್ತಿಯನ್ನು ಕ್ಷೌರಕ್ಕೆ ಬಳಸಬಾರದು. ಅದು ಚರ್ಮದ ಮೇಲೆಯೇ ಮುರಿಯಬಹುದು. ಮೇಲ್ಮೈಯ ತುಕ್ಕನ್ನು ಎಣ್ಣೆ ಮತ್ತು ನಯವಾದ ಉಜ್ಜುಕಾಗದದಿಂದ ತೆಗೆಯಬಹುದು. ಅಂಚಿನಲ್ಲಿ ಗುಳಿಬಿದ್ದ ತುಕ್ಕಿದ್ದರೆ ಕೆಳಗೆ ಗಟ್ಟಿ ಉಕ್ಕು ಸಿಗುವವರೆಗೆ ಸವೆಸಬೇಕಾಗುತ್ತದೆ. ಎಷ್ಟೋ ಕತ್ತಿಗಳಲ್ಲಿ ಅಷ್ಟು ಉಕ್ಕು ಉಳಿದಿರುವುದಿಲ್ಲ.

ವಿದ್ಯುತ್ ಸಾಣೆಯಂತ್ರದ ಬಳಕೆ ಹಳೆಯ ಕತ್ತಿಗಳನ್ನು ಹಾಳುಮಾಡುವ ದೊಡ್ಡ ಕಾರಣ. ತೆಳುವಾದ ಅಂಚು ಕ್ಷಣಮಾತ್ರದಲ್ಲಿ ಕಾಯುತ್ತದೆ. ಉಕ್ಕು ನೀಲಿಬಣ್ಣಕ್ಕೆ ತಿರುಗಿತೆಂದರೆ ಅದರ ಹದ ಹೋಯಿತೆಂದೇ ಅರ್ಥ. ಆಮೇಲೆ ಅದು ಎಂತಹ ಸಾಣೆಗೂ ಅಂಚನ್ನು ಹಿಡಿಯುವುದಿಲ್ಲ.

ಹಿಡಿಕೆಗಳನ್ನು ಕೊಂಬು, ಮರ, ದಂತ ಮತ್ತು ಸೆಲ್ಯುಲಾಯ್ಡಿನಿಂದ ಮಾಡಲಾಗುತ್ತಿತ್ತು. ಹಳೆಯ ಸೆಲ್ಯುಲಾಯ್ಡ್ ಕೊಳೆಯತೊಡಗಿದಾಗ ಹೊರಸೂಸುವ ಅನಿಲವು ಪಕ್ಕದ ಅಲಗಿಗೆ ತುಕ್ಕು ಹಿಡಿಸುತ್ತದೆ. ಅಂತಹ ಹಿಡಿಕೆಯನ್ನು ಬೇರ್ಪಡಿಸುವುದೇ ಸರಿ. ಆನೆದಂತದ ಹಿಡಿಕೆಯುಳ್ಳ ಕತ್ತಿಯನ್ನು ಭಾರತದಲ್ಲಿ ಮಾರುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ನಿಷಿದ್ಧ.

ಕ್ಷೌರದ ವಿಧಾನ

ಬಿಸಿನೀರಿನಿಂದ ಗಡ್ಡವನ್ನು ಮೆದುಗೊಳಿಸಿ ಸಾಬೂನಿನ ನೊರೆ ಹಚ್ಚಲಾಗುತ್ತದೆ. ಒಂದು ಕೈಯಿಂದ ಚರ್ಮವನ್ನು ಬಿಗಿಯಾಗಿ ಎಳೆದು ಹಿಡಿದು, ಕತ್ತಿಯನ್ನು ಚರ್ಮಕ್ಕೆ ಸುಮಾರು 30 ಡಿಗ್ರಿ ಕೋನದಲ್ಲಿಟ್ಟು, ಮೊದಲು ಕೂದಲು ಬೆಳೆದ ದಿಕ್ಕಿನಲ್ಲಿಯೇ ಸಾಗಿಸಬೇಕು. ಕೋನ ಹೆಚ್ಚಾದರೆ ಅಂಚು ಚರ್ಮವನ್ನು ಕೆರೆಯುತ್ತದೆ. ತೀರ ಕಡಿಮೆಯಾದರೆ ಕೂದಲನ್ನು ಜಗ್ಗುತ್ತದೆ. ಕತ್ತಿಯನ್ನು ಅಂಚಿನ ಉದ್ದಕ್ಕೆ ಅಡ್ಡಡ್ಡವಾಗಿ ಎಂದಿಗೂ ಜಾರಿಸಬಾರದು. ಆಳವಾದ ಗಾಯಗಳು ಆಗುವುದೇ ಹಾಗೆ. ಕೊನೆಯಲ್ಲಿ ತಣ್ಣೀರಿನಿಂದ ತೊಳೆದು ಪಟಿಕದ ಹರಳನ್ನು ಸವರುವ ರೂಢಿ ಸಲೂನುಗಳಲ್ಲಿ ಇಂದಿಗೂ ಇದೆ. ಬಳಸಿದ ಕತ್ತಿಯನ್ನು ಒರೆಸಿ ಒಣಗಿಸದಿದ್ದರೆ ಕಾರ್ಬನ್ ಉಕ್ಕಿಗೆ ಬೇಗನೆ ತುಕ್ಕು ಹಿಡಿಯುತ್ತದೆ.

ಉತ್ತರ ಕರ್ನಾಟಕದಲ್ಲಿ

ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಕ್ಷೌರಿಕರು ಆಯಗಾರರಲ್ಲಿ ಒಬ್ಬರು. ಪ್ರತಿ ಕ್ಷೌರಕ್ಕೆ ಹಣ ಪಡೆಯುವ ಬದಲು, ಸುಗ್ಗಿಯಲ್ಲಿ ರೈತರ ಕಣಕ್ಕೆ ಹೋಗಿ ಜೋಳ ಮುಂತಾದ ಧಾನ್ಯವನ್ನು ವರ್ಷದ ಆಯವಾಗಿ ಪಡೆಯುತ್ತಿದ್ದರು. ಮಗುವಿನ ಜವಳ, ಮದುವೆ ಹಾಗೂ ಸಾವಿನ ಸಂದರ್ಭಗಳಲ್ಲಿ ಅವರ ಕತ್ತಿಗೆ ವಿಧಿಬದ್ಧವಾದ ಸ್ಥಾನವಿತ್ತು. ಕತ್ತಿ, ಸಾಣೆಕಲ್ಲು, ಚರ್ಮದ ಪಟ್ಟಿ, ಕನ್ನಡಿ, ನೀರಿನ ಬಟ್ಟಲು ಮತ್ತು ಉಗುರು ತೆಗೆಯುವ ಉಳಿಯನ್ನು ಇಟ್ಟುಕೊಳ್ಳುವ ಚೀಲಕ್ಕೆ ಹಡಪ ಎಂದು ಹೆಸರು. ಎಲೆ ಅಡಿಕೆಯ ಸಂಚಿಗೂ ಅದೇ ಹೆಸರಿದೆ. ಈ ವೃತ್ತಿಯ ಹಡಪದ ಸಮುದಾಯವು ಹನ್ನೆರಡನೆಯ ಶತಮಾನದ ಶರಣ ಹಡಪದ ಅಪ್ಪಣ್ಣನನ್ನು ತನ್ನ ಮೂಲಪುರುಷನೆಂದು ಗೌರವಿಸುತ್ತದೆ. ಬಸವಣ್ಣನ ಒಡನಾಡಿಯಾಗಿದ್ದ ಅಪ್ಪಣ್ಣ ಮತ್ತು ಅವನ ಪತ್ನಿ ಲಿಂಗಮ್ಮ ಇಬ್ಬರೂ ವಚನಕಾರರು.

ಕುಷ್ಟಗಿ ತಾಲ್ಲೂಕಿನ ಹನುಮಸಾಗರದಂತಹ ಹೋಬಳಿ ಕೇಂದ್ರಗಳಲ್ಲಿ ಇಂದು ಕ್ಷೌರವೆಂದರೆ ಸಲೂನು, ಮತ್ತು ಸಲೂನಿನ ಕತ್ತಿಯೆಂದರೆ ಅರ್ಧ ಬ್ಲೇಡು ಸಿಕ್ಕಿಸುವ ಹಿಡಿಕೆ. ಆಕಾರದಲ್ಲಿ ಅದು ಹಳೆಯ ಕತ್ತಿಯನ್ನೇ ಹೋಲುತ್ತದೆ. ಎರಡು ಅಂಚಿನ ಬ್ಲೇಡನ್ನು ನಡುವೆ ಮುರಿದು ಒಂದೊಂದು ತುಂಡನ್ನು ಒಬ್ಬೊಬ್ಬ ಗಿರಾಕಿಗೆ ಬಳಸಲಾಗುತ್ತದೆ. 1903ರಲ್ಲಿ ಅಮೆರಿಕದ ಕಿಂಗ್ ಜಿಲೆಟ್ ಮಾರುಕಟ್ಟೆಗೆ ತಂದ ಎಸೆಯುವ ಬ್ಲೇಡು ಮನೆಯ ಕ್ಷೌರವನ್ನು ಬದಲಾಯಿಸಿತು. ಸಲೂನಿನ ಕತ್ತಿಯನ್ನು ಬದಲಾಯಿಸಿದ್ದು ಅದಕ್ಕಿಂತ ಹೆಚ್ಚಾಗಿ ಸೋಂಕಿನ ಭಯ. ಒಂದೇ ಅಲಗನ್ನು ಹಲವರಿಗೆ ಬಳಸಿದರೆ ರಕ್ತದ ಮೂಲಕ ಹೆಪಟೈಟಿಸ್ ಬಿ ಮುಂತಾದ ಸೋಂಕುಗಳು ಹರಡಬಹುದು. ಎಚ್‌ಐವಿ ಜಾಗೃತಿಯ ಪ್ರಚಾರದ ನಂತರ ಹೊಸ ಬ್ಲೇಡನ್ನು ಕೇಳಿ ಹಾಕಿಸಿಕೊಳ್ಳುವುದು ಗಿರಾಕಿಗಳ ರೂಢಿಯಾಯಿತು. ಬ್ಲೇಡು ಬಂದ ಮೇಲೆ ಸಾಣೆ ಹಿಡಿಯುವ ಅಗತ್ಯವೂ ಇಲ್ಲವಾಯಿತು. ತಂದೆಯಿಂದ ಮಗನಿಗೆ ಕೈಯಿಂದ ಕೈಗೆ ಬರುತ್ತಿದ್ದ ಆ ವಿದ್ಯೆ ಈಗ ಹೆಚ್ಚಾಗಿ ಹವ್ಯಾಸಿಗಳಲ್ಲಿ ಉಳಿದಿದೆ.

ಅಸ್ಪೃಶ್ಯತೆ ಮತ್ತು ಕಾನೂನು

ಕ್ಷೌರವು ದೇಹವನ್ನು ಮುಟ್ಟಿ ಮಾಡುವ ಸೇವೆಯಾದ್ದರಿಂದ ಜಾತಿಭೇದ ಇಲ್ಲಿ ನಿಚ್ಚಳವಾಗಿ ಕಾಣುತ್ತದೆ. ಆಯದ ವ್ಯವಸ್ಥೆಯಲ್ಲಿ ದಲಿತರಿಗೆ ಊರಿನ ಕ್ಷೌರಿಕರ ಸೇವೆ ದೊರೆಯುತ್ತಿರಲಿಲ್ಲ. ಅವರು ತಮ್ಮತಮ್ಮೊಳಗೇ ಕ್ಷೌರ ಮಾಡಿಕೊಳ್ಳಬೇಕಿತ್ತು, ಇಲ್ಲವೇ ಪಟ್ಟಣಕ್ಕೆ ಹೋಗಬೇಕಿತ್ತು. ದಲಿತರಿಗೆ ಕ್ಷೌರ ಮಾಡಿದರೆ ಉಳಿದವರು ಆಯ ನಿಲ್ಲಿಸುವರೆಂಬ ಅಂಜಿಕೆಯೂ ಕ್ಷೌರಿಕರನ್ನು ಕಟ್ಟಿಹಾಕುತ್ತಿತ್ತು. ಸಾಮಾಜಿಕ ಶ್ರೇಣಿಯಲ್ಲಿ ಅವರೂ ಮೇಲಿನವರಲ್ಲ. 'ಹಜಾಮ' ಎಂಬ ವೃತ್ತಿಸೂಚಕ ಪದ ಬೈಗುಳವಾಗಿ ಬಳಕೆಯಾಗುವುದನ್ನು ಸಮುದಾಯದ ಸಂಘಟನೆಗಳು ವಿರೋಧಿಸುತ್ತ ಬಂದಿವೆ.

1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆಯು 'ಅಂಗಡಿ' ಎಂಬ ಪದದ ವ್ಯಾಖ್ಯೆಯಲ್ಲಿ ಕ್ಷೌರದಂಗಡಿಯನ್ನು ಹೆಸರಿಸಿಯೇ ಸೇರಿಸಿದೆ. ಅಸ್ಪೃಶ್ಯತೆಯ ಕಾರಣಕ್ಕೆ ಅಲ್ಲಿ ಪ್ರವೇಶ ನಿರಾಕರಿಸುವುದು ಕಾಯ್ದೆಯ 4ನೆಯ ಕಲಮಿನಂತೆ ಅಪರಾಧ. ಇದಕ್ಕೆ ಒಂದರಿಂದ ಆರು ತಿಂಗಳ ಸೆರೆವಾಸ ಮತ್ತು 100 ರಿಂದ 500 ರೂಪಾಯಿ ದಂಡವಿದೆ. ಆದರೂ ಕೊಪ್ಪಳ ಜಿಲ್ಲೆಯಿಂದ ಇಂತಹ ನಿರಾಕರಣೆಯ ಸುದ್ದಿಗಳು ಬರುತ್ತಲೇ ಇವೆ. ದಲಿತರು ಬರುವರೆಂದು ಕ್ಷೌರದಂಗಡಿಯ ಬಾಗಿಲನ್ನೇ ಮುಚ್ಚಿದ ಪ್ರಸಂಗಗಳೂ ವರದಿಯಾಗಿವೆ. 2024ರ ಆಗಸ್ಟ್‌ನಲ್ಲಿ ಯಲಬುರ್ಗಾ ತಾಲ್ಲೂಕಿನ ಗ್ರಾಮವೊಂದರಲ್ಲಿ ಕ್ಷೌರಕ್ಕೆಂದು ಹೋದ ದಲಿತ ಯುವಕನೊಬ್ಬ, ನಿರಾಕರಣೆಯಿಂದ ಎದ್ದ ಜಗಳದಲ್ಲಿ ಇರಿತಕ್ಕೊಳಗಾಗಿ ಮೃತಪಟ್ಟನು. ಆರೋಪಿ ಕ್ಷೌರಿಕನನ್ನು ಪೊಲೀಸರು ಬಂಧಿಸಿದರು.