ಅರವತ್ತು ವರ್ಷದ ವೈಟುಕೆ

ವೈಟುಕೆ ಗಲಾಟೆ ಗೊತ್ತಲ್ಲ? ಹಳೇ ಕೋಬಾಲ್ ಪ್ರೋಗ್ರಾಮುಗಳಲ್ಲಿ ಇಸವಿಗೆ ಎರಡೇ ಅಂಕಿಯ ಜಾಗ ಕೊಟ್ಟಿರುತ್ತಿದ್ದರು. 80 ಕಾಲಮ್ಮಿನ ಪಂಚ್ ಕಾರ್ಡು, ದುಬಾರಿ ಮೆಮೊರಿ. ಪ್ರತಿ ಸಲ 19 ಅಂತ ಬರೆಯೋದು ದಂಡ ಅನ್ನಿಸಿತ್ತು. 2000 ಹತ್ತಿರ ಬಂದಾಗ, 00 ಅಂದರೆ 1900 ಅಂತ ಯಂತ್ರ ತಿಳಿದುಕೊಂಡರೆ ಗತಿಯೇನು ಅನ್ನೋ ಭಯ ಶುರುವಾಯಿತು. 1990ರ ದಶಕದ ಕೊನೆಯಲ್ಲಿ ಬೆಂಗಳೂರಿನ ಎಷ್ಟೋ ಕಂಪನಿಗಳಿಗೆ ಇದನ್ನು ಸರಿಮಾಡುವ ಕೆಲಸ ಸಿಕ್ಕಿತು. ಅಂದರೆ, ಬರೆದವರು ಎಲ್ಲಿದ್ದಾರೋ ಗೊತ್ತಿಲ್ಲದ ಕೋಡನ್ನು ಕೂತು ಓದುವ ಕೆಲಸ.

ಆದರೆ ಈ ತೊಂದರೆ ಕಂಪ್ಯೂಟರಿಗಿಂತ ಬಹಳ ಹಳೇದು. ನಮ್ಮ ಸಂವತ್ಸರಗಳನ್ನೇ ನೋಡಿ. ಹೆಸರುಗಳು 60, ಮುಗಿದ ಮೇಲೆ ಮತ್ತೆ ಪ್ರಭವದಿಂದ ಶುರು. 2000ದ ಜನವರಿ 1 ಬಿದ್ದಿದ್ದು ಪ್ರಮಾಥಿ ಸಂವತ್ಸರದಲ್ಲಿ. ಅದಕ್ಕೂ ಹಿಂದಿನ ಪ್ರಮಾಥಿ 1939-40. ಶಾಸನದಲ್ಲಿ ಬರೀ "ಪ್ರಮಾಥಿ" ಅಂತಿದ್ದರೆ ಯಾವ ಪ್ರಮಾಥಿ? ರಾಜನ ಹೆಸರು, ಅಕ್ಷರದ ಬಗೆ ನೋಡಿ ಊಹೆ ಮಾಡಬೇಕು. ಶಕವರ್ಷದ ಜೊತೆ ಸಂವತ್ಸರ, ಮಾಸ, ತಿಥಿ, ವಾರ ಎಲ್ಲಾ ಕೆತ್ತಿಸಿದವರ ಶಾಸನದಲ್ಲಿ ಒಂದು ತಪ್ಪಿದ್ದರೂ ಇನ್ನೊಂದರಿಂದ ಹಿಡಿಯಬಹುದು. ಕಲ್ಲಿನಲ್ಲಿ ಒಂದೊಂದು ಅಕ್ಷರಕ್ಕೂ ಉಳಿ ಹಿಡಿದು ಬೆವರು ಸುರಿಸಬೇಕಿತ್ತು, ಆದರೂ ಬರೆಸಿದರು!

ಓದುವವರ ಕಡೆಯ ಕಥೆ ಇನ್ನೂ ಚೆನ್ನಾಗಿದೆ. ಬೆಂಗಳೂರಿನಲ್ಲೇ ಹುಟ್ಟಿದ ಬಿ. ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕಾದ ಮೂರನೇ ಸಂಪುಟ ಬಂದದ್ದು 1894ರಲ್ಲಿ. ನಮ್ಮ ಮೂಗೂರು ಇರುವ ತಿರುಮಕೂಡಲು ನರಸೀಪುರ ತಾಲ್ಲೂಕು, ಪಕ್ಕದ ನಂಜನಗೂಡು ಎರಡೂ ಅದರಲ್ಲಿವೆ. ಪ್ರತಿ ಶಾಸನಕ್ಕೂ ತಾಲ್ಲೂಕಿನ ಹೆಸರಿನ ಸಂಕ್ಷೇಪ, ಅದರ ಮುಂದೊಂದು ಸಂಖ್ಯೆ. ನಮ್ಮ ಭಾಷೆಯಲ್ಲಿ ಹೇಳೋದಾದರೆ ಅಚ್ಚುಕಟ್ಟಾದ ನೇಮ್‌ಸ್ಪೇಸ್. ಮೂಲ ಪಾಠ ಬೇರೆ, ಅನುವಾದ ಬೇರೆ. ಹೀಗಾಗಿ ರೈಸ್ ಅರ್ಥ ಮಾಡಿದ್ದು ತಪ್ಪು ಅನ್ನಿಸಿದರೆ ನಾವೇ ಮೂಲಕ್ಕೆ ಹೋಗಿ ನೋಡಬಹುದು.

ಇದರಿಂದ ಏನಾಯಿತು? ಮುಂದಿನವರು ಸೊನ್ನೆಯಿಂದ ಶುರು ಮಾಡಬೇಕಾಗಲಿಲ್ಲ. 1889ರಲ್ಲಿ ರೈಸ್ ಪ್ರಕಟಿಸಿದ ಶ್ರವಣಬೆಳಗೊಳದ ಸಂಪುಟದಲ್ಲಿ 144 ಶಾಸನಗಳಿದ್ದವು. 1923ರಲ್ಲಿ ಆರ್. ನರಸಿಂಹಾಚಾರ್ ಪರಿಷ್ಕರಿಸಿದಾಗ 500 ಆದವು. 1973ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಆವೃತ್ತಿಯಲ್ಲಿ 573. ಮೂರು ತಲೆಮಾರು, ಮೂರು ವರ್ಷನ್, ಒಂದೇ ಕೆಲಸ.

ಪ್ರೋಗ್ರಾಮನ್ನು ಮೊದಲು ಮನುಷ್ಯರು ಓದಲಿ ಅಂತ ಬರೆಯಬೇಕು ಅನ್ನೋ ವಿಚಾರವನ್ನು ಡೊನಾಲ್ಡ್ ಕನೂತ್ 1984ರಲ್ಲಿ "ಲಿಟರೇಟ್ ಪ್ರೋಗ್ರಾಮಿಂಗ್" ಅಂತ ಹೆಸರಿಟ್ಟು ಮುಂದಿಟ್ಟರು. ನಮ್ಮಲ್ಲಿ ಇವತ್ತಿಗೂ ಡೆಡ್‌ಲೈನ್ ನೆಪ ಹೇಳಿ ವೇರಿಯಬಲ್ಲಿಗೆ "ಡಿ1", "ಡಿ2" ಅಂತ ಹೆಸರಿಟ್ಟು ಮನೆಗೆ ಹೋಗ್ತೀವಿ. "ಇಲ್ಲಿ ಒಂದು ಕೂಡಿಸಿದೆ" ಅಂತ ಕಾಮೆಂಟ್ ಬರೀತೀವಿ. ಕೂಡಿಸಿದ್ದು ಕಾಣುತ್ತೆ ಸ್ವಾಮಿ, ಯಾಕೆ ಕೂಡಿಸಿದ್ದು ಅಂತ ಹೇಳಿ!

ಹತ್ತು ವರ್ಷದ ಮೇಲೆ ಆ ಫೈಲ್ ತೆರೆಯುವ ಹುಡುಗನೋ ಹುಡುಗಿಯೋ ನಮಗೆ ಫೋನ್ ಮಾಡಿ ಕೇಳೋಕೆ ಆಗಲ್ಲ. ಕಲ್ಲು ಕೆತ್ತಿದವರನ್ನು ಕೇಳೋಕೆ ರೈಸ್‌ಗೂ ಆಗಿರಲಿಲ್ಲ. ಅವರ ಕೈಗೆ ಸಿಕ್ಕಿದ್ದು ಬರೆದಿಟ್ಟದ್ದು ಮಾತ್ರ.